ನಾನು ಬರೆಯದೆ ಬಿಟ್ಟ ಕಂಬ

ಮನುಷ್ಯರ ವಯಸ್ಸು ಊಹಿಸುವುದರಲ್ಲಿ ನಾನು ಎಷ್ಟೋ ಸಲ ಎಡವಿದ್ದೇನೆ; ಗಂಡನ ಸಹೋದ್ಯೋಗಿಯೊಬ್ಬರ ಹೆಂಡತಿಯನ್ನು ಅವರ ತಾಯಿ ಎಂದುಕೊಂಡು ಕಾಲಿಗೆ ಬಿದ್ದದ್ದೂ ಉಂಟು. ಆದರೆ ಮನೆಗಳ ವಯಸ್ಸಿನ ಮಟ್ಟಿಗೆ ನನ್ನ ಕಣ್ಣು ತಪ್ಪುವುದಿಲ್ಲ ಎಂದೇ ನಂಬಿದ್ದೆ. ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದಿ, ಎರಡು ವರ್ಷ ಅಪಾರ್ಟ್‌ಮೆಂಟುಗಳ ಬಾತ್‌ರೂಮ್ ನಕ್ಷೆ ಬರೆದು, ಆಮೇಲೆ ಗಂಡನ ಸಂಶೋಧನೆಯ ಬೆನ್ನು ಹಿಡಿದು ಜಪಾನಿನ ಒಕಾಜಾಕಿಗೆ ಬಂದವಳು ನಾನು. ಇಲ್ಲಿ ನನ್ನ ಡಿಗ್ರಿಗೆ ಕೆಲಸವಿರಲಿಲ್ಲ. ಆತ್ಮವಿಶ್ವಾಸಕ್ಕಾದರೂ ಒಂದು ಕೆಲಸ ಬೇಕಿತ್ತು.

ಅದನ್ನು ಕೊಟ್ಟವರು ಪಕ್ಕದ ಬೀದಿಯ ತರಕಾರಿ ಅಂಗಡಿಯಲ್ಲಿ ಪರಿಚಯವಾದ ಸುಗಿಯುರಾ ಸಾನ್. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದ, ಗಟ್ಟಿ ದನಿಯ ಹೆಂಗಸು. ಊರಾಚೆ ಅವರದೊಂದು ಮರದ ಮನೆ: ಕಂಬ, ತೊಲೆಗಳನ್ನು ಮೊಳೆಯಿಲ್ಲದೆ ಒಂದಕ್ಕೊಂದು ಕಚ್ಚಿಸಿ ನಿಲ್ಲಿಸಿದ ಚೌಕಟ್ಟು, ನಡುನಡುವೆ ಮಣ್ಣಿನ ಗೋಡೆ. ಮಾಡು ಕುಸಿಯತೊಡಗಿತ್ತು. ಮನೆ ಮಧ್ಯಯುಗದ್ದೆಂದು ಸಾಬೀತಾದರೆ ಸರ್ಕಾರದವರೇ ರಿಪೇರಿ ಮಾಡಿಸುತ್ತಾರೆ, ಇಲ್ಲವಾದರೆ ಕೆಡವುವುದೊಂದೇ ದಾರಿ. "ಪರೀಕ್ಷೆಗೆ ಪ್ರೊಫೆಸರ್ ಬರ್ತಾರೆ. ನೀವು ಆರ್ಕಿಟೆಕ್ಟ್ ಅಲ್ವಾ, ಒಂದು ನಕ್ಷೆ ಬರೆದುಕೊಡಿ" ಎಂದರು. ಬಾತ್‌ರೂಮಿನ ವಿಷಯ ನಾನು ಎತ್ತಲಿಲ್ಲ.

ಮೂರು ಶನಿವಾರ ಟೇಪು ಹಿಡಿದು ಅಳೆದೆ. ನಡುಮನೆಯಲ್ಲಿ ಹೊಗೆ ಹಿಡಿದು ಕಪ್ಪಾದ ದಪ್ಪ ಕಂಬವೊಂದಿತ್ತು. ಅದರಲ್ಲಿ ಆರು ಖಾಲಿ ತೂತು. ಮರದ ಮನೆಯಲ್ಲಿ ಖಾಲಿ ತೂತು ಕಂಡರೆ ಅಲ್ಲಿ ಹಿಂದೊಮ್ಮೆ ಬೇರೆ ತೊಲೆ ಕೂತಿತ್ತು, ಬೇರೆ ಗೋಡೆಯಿತ್ತು ಎಂದರ್ಥ. ಆರು ತೂತುಗಳ ಮೇಲೆ ನಾನು ನಾಲ್ಕು ಪುಟ ಕಟ್ಟಿದೆ: ಇಲ್ಲೊಂದು ಎತ್ತರದ ಜಗಲಿ, ಅದರ ಮೇಲೆ ಮನೆಯ ಯಜಮಾನ, ಎದುರಿಗೆ ಒಕ್ಕಲುಗಳು. ಇದನ್ನೆಲ್ಲ ಓದಿ ಹೇಳಿದಾಗ ಸುಗಿಯುರಾ ಸಾನ್ ತಲೆ ತಗ್ಗಿಸಿ ಕೇಳಿದರು.

"ಸುಮಿಮಾಸೆನ್, ಕ್ಷಮಿಸಿ" ಎಂದರು ಕೊನೆಗೆ. "ಆ ತೂತು ನಾನೇ ಕೊರೆದದ್ದು. ಟೀವಿ ಸ್ಟ್ಯಾಂಡಿಗೆ."

"ಆರೂ?"

"ಮೂರು ಸಲ ಟೀವಿ ಬದಲಾಯ್ತಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ನಗು ಮುಗಿಸಿ, "ಬೇರೆ ಎವಿಡೆನ್ಸ್ ಏನೂ ಇಲ್ವೇನೇ?" ಎಂದ. "ಇಲ್ಲ ಕಣೋ, ಉಳಿದ ಕಂಬ ಎಲ್ಲ ನೀಟಾಗಿ ಉಜ್ಜುಗೊರಡು ಹೊಡೆದಿರೋದು, ಲೇಟರ್ ಪೀರಿಯಡ್" ಎಂದೆ. ಸುಗಿಯುರಾ ಸಾನ್ ನನ್ನನ್ನೇ ನಂಬಿ ಕೂತಿದ್ದರು.

ಪ್ರೊಫೆಸರ್ ಮೋರಿ ಸಾನ್ ಒಂದು ಟಾರ್ಚು ಹಿಡಿದು ಬಂದರು. ಟೀವಿ ಕಂಬದತ್ತ ಒಮ್ಮೆ ನೋಡಿ ಮುಂದೆ ನಡೆದರು. ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ ನಿಂತು ನನ್ನ ನಕ್ಷೆ ತಿರುಗಿಸಿ ಮುರುಗಿಸಿ ನೋಡಿದರು.

"ಇಲ್ಲೊಂದು ಕಂಬ ಇದೆ. ನಿಮ್ಮ ನಕ್ಷೆಯಲ್ಲಿ ಇಲ್ಲ."

ಇರಲಿಲ್ಲ. ಅರ್ಧ ವಾಲಿದ, ಪೊರಕೆ ನೇತುಹಾಕಿದ ಆ ಸಣಕಲು ಕಂಬವನ್ನು ಯಾರೋ ಆಮೇಲೆ ಆಸರೆಗೆ ಕೊಟ್ಟದ್ದೆಂದುಕೊಂಡು, ನಕ್ಷೆ ಚೆಂದ ಕಾಣಲಿ ಎಂದು ಬಿಟ್ಟಿದ್ದೆ. ಅವರು ಪೊರಕೆ ತೆಗೆದು ಟಾರ್ಚನ್ನು ಓರೆಯಾಗಿ ಹಿಡಿದರು. ಮರದ ಮೈಮೇಲೆ ಬಾಚಿಯಿಂದ ಕೆತ್ತಿದ ಗುರುತುಗಳು ಅಲೆಅಲೆಯಾಗಿ ಎದ್ದುಬಂದವು. ಜನ ಉಜ್ಜಿ ಸವೆದಿವೆ ಎಂದು ನಾನು ತಿಳಿದಿದ್ದ ಅಂಚುಗಳನ್ನು ತೋರಿಸಿ, "ನಾಲ್ಕೂ ಅಂಚನ್ನು ಇಷ್ಟು ಅಗಲಕ್ಕೆ ಓರೆಯಾಗಿ ಕೆತ್ತುತ್ತಿದ್ದದ್ದು ತುಂಬ ಹಿಂದಿನ ಬಡಗಿಗಳು. ಬರಬರುತ್ತ ಇದು ಕಿರಿದಾಯ್ತು" ಎಂದರು. ಪಕ್ಕದ ಹಲಗೆ ಬಿಚ್ಚಿಸಿದರೆ ಒಳಗೆ ಅಂಥವೇ ಮೂರು ಕಂಬ! ಆ ಹಳೆಯ ಮೂಲೆಯ ಸುತ್ತ ಉಳಿದ ಮನೆ ಶತಮಾನಗಳ ಕಾಲ ಬೆಳೆದಿತ್ತು.

"ಇದನ್ನು ಯಾಕೆ ಬಿಟ್ಟಿರಿ?" ಎಂದರು ಮೋರಿ ಸಾನ್.

ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸುಗಿಯುರಾ ಸಾನ್ ಬಸ್ ಡ್ರೈವರಿನ ಗಟ್ಟಿ ದನಿಯಲ್ಲಿ, "ಸೆನ್ಸೇ, ನೀವೇ ಕಂಡುಹಿಡೀಲಿ ಅಂತ ಬೇಕೂಂತಲೇ ಬಿಟ್ಟಿದ್ದಾರೆ" ಎಂದುಬಿಟ್ಟರು. ಮೋರಿ ಸಾನ್ ನಕ್ಕು ನನಗೆ ತಲೆಬಾಗಿದರು. ಆಗಲೂ ನಿಜ ಹೇಳಬಹುದಿತ್ತು. ನಾನು ಅವರಿಗಿಂತ ಇನ್ನೂ ಒಂದು ಗೇಣು ಕೆಳಕ್ಕೆ ಬಾಗಿದೆ.

ಈಗ ಮಾಡಿನ ರಿಪೇರಿ ನಡೆಯುತ್ತಿದೆ. ನೋಡಲು ಬಂದವರಿಗೆ ಮನೆ ತೋರಿಸುವವಳು ನಾನೇ. ಉಗ್ರಾಣದಲ್ಲಿ ಎಲ್ಲರನ್ನೂ ನಿಲ್ಲಿಸಿ, ಟಾರ್ಚು ಓರೆಯಾಗಿ ಹಿಡಿದು, ದನಿ ಒಂದಿಷ್ಟೂ ನಡುಗದಂತೆ ಹೇಳುತ್ತೇನೆ: "ಇಂಥ ಕಂಬ ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ."