ಹಾಜಿಯ ಅಪ್ಪನ ಗಾಡಿ ಮತ್ತು ನನ್ನ ರಜಾ

ಹುಚ್ಚರ ಮದುವ್ಯಾಗ ಉಂಡವನೇ ಜಾಣ ಅಂತಾರ. ನಾ ಕುವೈತಿನ ಈ ಗ್ಯಾರೇಜಿನೊಳಗ ಹನ್ನೆರಡು ವರ್ಷದಿಂದ ಪಂಗ್ತಿಗೆ ಕುಂತೇನಿ, ನನ್ನ ಮುಂದ ಇನ್ನೂ ಯಾರೂ ಎಲಿ ಹಾಕಿಲ್ಲ. ದಿನಾ ಒಂದು ಹೊಸಾ ಹುಚ್ಚು ಮಾತ್ರ ತಪ್ಪದೇ ಗೇಟಿನೊಳಗ ಬರತೈತಿ.

ನಂದು ತಗಡಿನ ಕೆಲಸ. ಡೆಂಟಿಂಗ್, ವೆಲ್ಡಿಂಗ್, ಬಣ್ಣ. ಊರು ಬಾಗಲಕೋಟಿ ಕಡೆ. ನಮ್ಮಲ್ಲಿ ಬರೂವೆಲ್ಲಾ ಹಳೇ ಅಮೇರಿಕನ್ ಗಾಡಿ. ಒಂದೊಂದು ನಮ್ಮೂರ ಪಡಸಾಲಿಯಷ್ಟು ಉದ್ದ. ಎಂಟು ಸಿಲಿಂಡರಿನ ಇಂಜಿನ್ನು, ಬೀಗರು ಮಜ್ಜಿಗಿ ಕುಡಿದಂಗ ಪೆಟ್ರೋಲ್ ಕುಡಿತಾವ. ಇಂಥಾ ಗಾಡಿ ಮ್ಯಾಲ ಜನಕ್ಕ ಯಾಕಿಷ್ಟು ಜೀವ ಅಂತ ಮೊದಲು ನಾ ಕೇಳ್ತಿದ್ದೆ. ಈಗ ಬಿಟ್ಟೇನಿ. ಕೇಳಿದ್ರ ಹೇಳ್ತಾರ್ರಿ, ಅದೇ ತ್ರಾಸು. ಅಪ್ಪನಿಂದ ಸುರು ಮಾಡಿ ಮುತ್ತಜ್ಜನ ತನಕ ಹೇಳ್ತಾರ.

ಈಗ ನಾ ಹೇಳೂದು ಒಂದೇ ಗಾಡಿದು. ಅದರ ಹಿಂದ ನನ್ನ ರಜಾ ಕಟ್ಟಿಹಾಕಿದ್ರು.

ನನ್ನ ತಂಗಿ ಮಗಳ ಜವಳ ತೆಗೀಬೇಕಾಗಿತ್ತು. ನಮ್ಮ ಮನಿತನದೊಳಗ ಕೂಸಿನ ಹುಟ್ಟುಗೂದಲಿಗೆ ಮೊದಲ ಕತ್ತರಿ ಹಾಕೂದು ಸೋದರಮಾವ, ಅದೂ ಕೂಸನ್ನ ತನ್ನ ತೊಡಿ ಮ್ಯಾಲ ಕುಂಡ್ರಿಸಿಕೊಂಡು. ಬೆಸ ವರ್ಷದೊಳಗೇ ಆಗಬೇಕು. ಒಂದನೇ ವರ್ಷ ನನಗ ರಜಾ ಸಿಗಲಿಲ್ಲ. ಈಗ ಮೂರನೇದು ನಡದಿತ್ತು. ಇದೂ ತಪ್ಪಿದ್ರ ಐದಕ್ಕ. ಅಲ್ಲೀತನಕ ಆ ತಲಿಗೆ ಕತ್ತರಿ ತೋರಿಸೂಹಂಗಿಲ್ಲ. ಕೂದಲು ಕಣ್ಣಾಗ ಬೀಳ್ತಾವ, ಬಾಚಣಿಗಿ ಕಂಡ್ರ ಕೂಸು ಓಡತೈತಿ, ಬ್ಯಾಸಗ್ಯಾಗ ತಲಿ ತುಂಬ ಬೆವರಗುಳ್ಳಿ. ತಂಗಿ ಫೋನ್ ಮಾಡಿದಾಗೊಮ್ಮೆ ಒಂದೇ ಮಾತು: "ಅಣ್ಣಾ, ಯಾವಾಗ ಬರ್ತಿ?"

ನನ್ನ ಕಫೀಲ್, ಅಂದ್ರ ಗ್ಯಾರೇಜಿನ ಮಾಲಕ, ಅವನಿಗೆ ರಜಾ ಕೇಳಿದೆ. ಆಗ ತಾನೇ ಟ್ರಕ್ಕಿನಿಂದ ಇಳಿಸಾಕತ್ತಿದ್ದ ಒಂದು ಗಾಡಿ ಕಡೆ ಕೈ ಮಾಡಿ ಅಂದ, "ಅದು ರೆಡಿಯಾಗಿ ಈ ಗೇಟು ದಾಟಿದ ದಿನಾ ನೀ ವಿಮಾನ ಹತ್ತು. ಖಲಾಸ್."

ಎರಡು ತಿಂಗಳ ಕೆಲಸ ಅಂದುಕೊಂಡು ನಾ ಖುಷಿಯಾದೆ. ನನ್ನಂಥ ದಡ್ಡ ಯಾರದಾರ ಹೇಳ್ರಿ.

ಕಾವಿಗೆ ಕುಂತಾಕಿ

ಗಾಡಿ ವಫ್ರಾದ ತ್ವಾಟದಿಂದ ಬಂದಿತ್ತು. ಅದರ ಮಾಲಕರು ಎಪ್ಪತ್ತು ದಾಟಿದ ಕುವೈತಿ ಮನಿಶ್ಯಾ. ಇಂಥ ಹಿರೇರಿಗೆ ನಾವೆಲ್ಲಾ ಹಾಜಿ ಅಂತೇವಿ. ಗಾಡಿ ಅವರ ಅಪ್ಪಂದು. ಅಪ್ಪ ತೀರಿಹೋದ ಮ್ಯಾಲ ತ್ವಾಟದಾಗ ಬಿದ್ದು ಬಿದ್ದು, ಜಂಗು ತಿಂದು ಜರಡಿ ಆಗಿತ್ತು.

ನಾ ಹಿಂದಿನ ಡಿಕ್ಕಿ ತಗದೆ. ಒಳಗೊಂದು ಕೋಳಿ. ಹಾಯ್ ಅಂತ ಓಡಿಸಾಕ ಕೈ ಎತ್ತಿದೆ, ಹಾಜಿ ನನ್ನ ಕೈ ಹಿಡದ್ರು. "ಶ್! ತತ್ತಿ ಅದಾವ. ಮೆಲ್ಲಗ ಮುಚ್ಚು."

"ಹಾಜಿ, ಅಲ್ಲೇ ವೆಲ್ಡಿಂಗ್ ಮಾಡೂದೈತಿ," ಅಂದೆ. ನಮ್ಮ ಮಾತೆಲ್ಲಾ ಅರಬ್ಬಿ, ಹಿಂದಿ, ಕೈಸನ್ನಿ ಕಲಸಿದ ಮಾತು.

"ನಾವು ಏಳು ಮಂದಿ ಅಣ್ಣತಮ್ಮ, ಅಕ್ಕತಂಗಿ. ಅಪ್ಪ ಮರುಭೂಮಿಗೆ ಕರಕೊಂಡು ಹೋದಾಗ ಸಣ್ಣವರೆಲ್ಲಾ ಈ ಡಿಕ್ಕ್ಯಾಗೇ ಮಲಗತಿದ್ವಿ. ಈ ಗಾಡಿ ಮಕ್ಕಳನ್ನ ಯಾವತ್ತೂ ಹೊರಗ ಹಾಕಿಲ್ಲ. ಮರಿ ಆಗಲಿ, ಆಮ್ಯಾಲ ವೆಲ್ಡಿಂಗ್."

ಕೋಳಿಗೆ ಕಾಳು, ನೀರು ಹಾಕೂದು ನನ್ನ ಡ್ಯೂಟಿ ಆತು. ಹತ್ತು ದಿನಾ ಆದ ಮ್ಯಾಲ ಕಫೀಲ್ ಬಂದು ಕೇಳಿದ, "ಏನು, ಗಾಡಿ ಎಲ್ಲೀತನಕ ಬಂತು?"

"ಇನ್ನೂ ಕಾವಿಗೆ ಕುಂತೈತಿ," ಅಂದೆ.

ಸಮುದ್ರದ ಬಣ್ಣ

ಮರಿ ಆದ್ವು, ತಗಡು ಮುಗೀತು, ಬಣ್ಣಕ್ಕ ಬಂದ್ವಿ. ಮೂಲ ಬಣ್ಣ ಯಾವದು ಅಂತ ಕೇಳಿದ್ರ ಹಾಜಿ ಒಂದು ಹಳೇ ಫೋಟೋ ತಂದ್ರು. ಕಪ್ಪು-ಬಿಳುಪು.

"ಹಾಜಿ, ಇದರಾಗ ಬಣ್ಣ ಎಲ್ಲೈತಿ?"

"ಸಮುದ್ರದ ಬಣ್ಣ. ಮಧ್ಯಾಹ್ನದ ನಮಾಜು ಮುಗದ ಮ್ಯಾಲ ಸಮುದ್ರ ಹೆಂಗಿರತೈತೋ ಹಂಗ."

ನಾ ಕಂಡದ್ದು ಘಟಪ್ರಭಾ ಹೊಳಿ. ಮಳಿಗಾಲದಾಗ ಕೆಂಪು, ಬ್ಯಾಸಗ್ಯಾಗ ಬರೇ ಉಸುಕು. ಆದ್ರೂ ಒಂದು ನೀಲಿ ಕಲಿಸಿ ತಗಡಿನ ತುಂಡಿಗೆ ಹಚ್ಚಿ ತೋರಿಸಿದೆ. ಹಾಜಿ ತಲಿ ಅಲ್ಲಾಡಿಸಿದ್ರು. ಇನ್ನೊಂದು ಕಲಿಸಿದೆ. ಅದೂ ಅಲ್ಲ. ಕಡೀಕ ನನ್ನನ್ನ ತಮ್ಮ ಇನ್ನೊಂದು ಗಾಡ್ಯಾಗ ಕುಂಡ್ರಿಸಿಕೊಂಡು ಸಮುದ್ರದ ದಂಡಿಗೆ ಕರಕೊಂಡು ಹೋದ್ರು. ಉರಿಬಿಸಲಾಗ ಇಬ್ಬರೂ ನಿಂತು ನೀರು ನೋಡಿದ್ವಿ. "ಕಂಡಿತೇನು?" ಅಂದ್ರು. ಕಂಡಿತು ಅಂದೆ. ನನಗ ಕಂಡದ್ದು ಕಣ್ಣಕತ್ತಲಿ.

ಹಿಂಗ ಹದಿನಾರು ತುಂಡು ಆದ್ವು. ಹದಿನೇಳನೇ ದಿನಾ ನನಗ ತಲಿಕೆಟ್ಟು, ಮೊದಲನೇ ದಿನದ ತುಂಡನ್ನೇ ಒರಸಿ ಮುಂದ ಹಿಡದೆ. ಹಾಜಿ ಅದನ್ನ ಎರಡೂ ಕೈಲೆ ತಗೊಂಡ್ರು, ಕಣ್ಣಾಗ ನೀರು ಬಂತು.

"ಇದೇ ನೋಡು! ಇದನ್ನ ಮೊದಲೇ ಮಾಡಾಕ ನಿನಗೇನಾಗಿತ್ತು?"

ಮೂಗುತಿ

ಬಣ್ಣ ಒಣಗೂದ್ರಾಗ ಹಾಜಿಯ ಮಗ ಬಂದ. ನಲವತ್ತರ ಆಸುಪಾಸು, ದೊಡ್ಡ ನೌಕರಿ. ಅವಗೂ ಈ ಗಾಡಿ ಅಂದ್ರ ಪ್ರಾಣ, ಆದ್ರ ಅವನ ಹುಚ್ಚು ಬ್ಯಾರೆ. ಅಗಲ ಗಾಲಿ ಬೇಕು, ಗಾಡಿ ನೆಲಕ್ಕ ತಾಗೂಹಂಗ ಇಳಿಬೇಕು, ಸೈಲೆನ್ಸರ್ ಗುಡುಗಬೇಕು, ಒಳಗ ಟಿವಿಯಂಥ ಪರದೆ ಕುಂಡ್ರಬೇಕು, ಕೆಳಗ ನೇರಳೆ ದೀಪ ಉರಿಬೇಕು. ಮೂಗಿಗಿಂತ ಮೂಗುತಿ ಭಾರ ಅಂತ ನಮ್ಮವ್ವ ಹೇಳತಿದ್ಲು, ಈ ಮಗ ಮೂಗುತಿ ಜತಿಗೆ ಬುಗುಡಿ, ಡಾಬು, ಎಲ್ಲಾ ತಂದಿದ್ದ.

ಮಗ ಹೇಳಿದ್ದನ್ನ ಮುಂಜಾನೆ ಹಾಕಿದೆ. ಸಂಜಿಕ ಅಪ್ಪ ಬಂದು, "ನಮ್ಮಪ್ಪನ ಗಾಡಿಗೆ ಇದ್ಯಾವ ನಾಟಕ ಕಂಪನಿ ವೇಷ? ಕೀಳು," ಅಂದ್ರು. ಕಿತ್ತೆ. ಮರುದಿನ ಮಗ ಬಂದು, "ಎಲ್ಲಿ ಹೋತು?" ಅಂದ. ಮತ್ತ ಹಾಕಿದೆ. ಒಂದು ವಾರ ನಾ ಹಾಕೂದು, ತಗಿಯೂದು, ಹಾಕೂದು, ತಗಿಯೂದು. ಕಡೀಕ ಒಂದು ಗುರುವಾರ ಇಬ್ಬರನ್ನೂ ಕೂಡಿಸಿ, "ನೀವಿಬ್ಬರೂ ಒಂದು ಮಾತಿಗೆ ಬರ್ರಿ, ನಿಮ್ಮ ಕಾಲಿಗೆ ಬೀಳ್ತೇನಿ," ಅಂದೆ.

ಅಪ್ಪ, ಮಗ ಹೊರಗ ನಿಂತು ಒಂದು ತಾಸು ಮಾತಾಡಿದ್ರು. ಚಹಾ ಕುಡದ್ರು. ನಕ್ಕೋತ ಒಳಗ ಬಂದ್ರು. ಆಮ್ಯಾಲ ಮಗ ಹೇಳಿದ, "ಒಂದು ಮಾತಿಗೆ ಬಂದೇವಿ. ನೀ ಭಾಳ ನಿಧಾನ."

ಕಟಿಂಗ್ ಅಂಗಡಿ

ಇಷ್ಟರಾಗ ತಂಗಿ ಮಗಳ ಮೂರನೇ ವರ್ಷ ಮುಗಿಯಾಕ ಒಂದೇ ತಿಂಗಳು ಉಳದಿತ್ತು. ಮುಹೂರ್ತ ಇಟ್ಟಾಗಿತ್ತು. ಅಬ್ಬಾಸಿಯಾದಾಗ ನನ್ನ ರೂಮಿನೊಳಗ ಇರೂ ಗೆಳೆಯಾ ಮಂಗಳೂರು ಕಡೆಯಾಂವ, ಹೋಟೆಲಿನ ಕೌಂಟರ್‍ನ್ಯಾಗ ಕೆಲಸ. ನಾ ಉಣ್ಣದೇ ಕುಂತದ್ದು ನೋಡಿ ಬೈದ. "ಎಂತ ಮಾರಾಯ ನೀನು? ಆ ಹಾಜಿಯ ಹತ್ರ ಒಮ್ಮೆ ಬಾಯಿ ಬಿಟ್ಟು ಹೇಳ್ಬಾರದಾ? ಅವರಿಗೂ ಮಕ್ಕಳು ಮರಿ ಉಂಟಲ್ವಾ?"

ಹೌದಲ್ಲಾ ಅನಿಸಿತು. ಮರುದಿನ ಹಾಜಿಗೆ ಎಲ್ಲಾ ಹೇಳಿದೆ. ತಂಗಿ ಮಗಳು, ಹುಟ್ಟುಗೂದಲು, ಸೋದರಮಾವ, ಕತ್ತರಿ. ಫೋಟೋ ತೋರಿಸಿದೆ. ಹಾಜಿ ಫೋಟೋ ನೋಡಿ "ಮಾಶಾ ಅಲ್ಲಾ" ಅಂದ್ರು. ಫೋಟೋ ನನಗ ಹೊಳ್ಳಿ ಕೊಟ್ರು. ಆಮ್ಯಾಲ ಕೇಳಿದ್ರು:

"ಇಂಡಿಯಾದಾಗ ಕಟಿಂಗ್ ಅಂಗಡಿ ಇಲ್ಲೇನು?"

ನನಗ ಸಿಟ್ಟು ನೆತ್ತಿಗೇರಿತು. "ಹಾಜಿ, ಒಂದು ಬಾಗಲದ ಹಿಡಿಕಿಗೆ ನೀವು ಅಮೇರಿಕಾದಿಂದ ವಿಮಾನದಾಗ ಪಾರ್ಸಲ್ ತರಿಸಿದ್ರಿ. ಇಲ್ಲಿ ಹಿಡಿಕಿ ಸಿಗತಿರಲಿಲ್ಲೇನು?"

"ಅದು ಬ್ಯಾರೆ. ಅದು ನಮ್ಮಪ್ಪನ ಗಾಡಿ ಹಿಡಿಕಿ."

"ಇದು ನಮ್ಮ ಕೂಸಿನ ಕೂದಲು!"

ಹಾಜಿ ನನ್ನ ಹೆಗಲ ಮ್ಯಾಲ ಕೈ ಇಟ್ರು. "ನಿನ್ನ ದುಃಖ ನನಗ ತಿಳಿತು. ಲಗೂನ ಮುಗಸು, ಹೋಗು."

ಹುಚ್ಚು ಬಿಡೂತನಕ ಮದುವಿ ಆಗೂದಿಲ್ಲ, ಮದುವಿ ಆಗೂತನಕ ಹುಚ್ಚು ಬಿಡೂದಿಲ್ಲ ಅಂತಾರಲ್ಲ, ಇದಕ್ಕೇ ಇರಬೇಕು. ಗೆಳೆಯಾಗ ಬಂದು ಹೇಳಿದೆ. ಅಂವ ಅನ್ನ ಬಡಿಸಿಕೋತ ಅಂದ, "ಇನ್ನು ನೀನು ಆ ಮಗುವನ್ನೇ ಪಾರ್ಸಲ್ ತರಿಸು."

ಸಪ್ಪಳ

ಕಡೀಕ ಹಾಜಿ ಮಾತೇ ನಡೀತು, ಮಗನ ಮೂಗುತಿ ಎಲ್ಲಾ ಕಿತ್ತು, ಮುಹೂರ್ತಕ್ಕ ಹತ್ತು ದಿನಾ ಇದ್ದಾಗ ಗಾಡಿ ರೆಡಿ ಆತು. ಖರೇ ಹೇಳ್ತೇನಿ, ನಾ ಮಾಡಿದ್ರೊಳಗ ಅಂಥಾದ್ದು ಇನ್ನೊಂದಿಲ್ಲ. ಬಾಗಲಾ ಒಂದು ಬೆರಳಲೆ ಮುಚ್ಚತಿತ್ತು. ಹಾಜಿ ಕುಂತು ಗೇಟು ದಾಟಿದ್ರು. ನಾ ಅಲ್ಲೇ ನಿಂತು ತಂಗಿಗೆ ಫೋನ್ ಹಚ್ಚಿ, "ಬರಾಕತ್ತೇನವ್ವಾ!" ಅಂತ ಒದರಿದೆ. ಆಕಿ ಅತ್ತುಬಿಟ್ಲು.

ಅರ್ಧಾ ತಾಸಿಗೆ ಗಾಡಿ ಹೊಳ್ಳಿ ಬಂತು. ಹಾಜಿ ಮುಖ ಸಣ್ಣದಾಗಿತ್ತು.

"ಏನಾತು ಹಾಜಿ? ಇಂಜಿನ್ನು?"

"ಚೊಲೋ ಐತಿ."

"ಬ್ರೇಕು?"

"ಚೊಲೋ ಐತಿ."

"ಮತ್ತ?"

"ಸಪ್ಪಳ ಇಲ್ಲ."

ಅವರಪ್ಪನ ಕಾಲಕ್ಕ ಮುಂದಿನ ಬಾಗಲಾ ಹಾಕಿದ್ರ ಧಡ್ ಅಂದ ಮ್ಯಾಲ ಒಳಗಿಂದ ಇನ್ನೊಂದು ಸಪ್ಪಳ ಬರತಿತ್ತಂತ. ಅದು ಕಿವಿಗೆ ಬಿತ್ತಂದ್ರ ಅಪ್ಪ ಮನಿಗೆ ಬಂದ ಅಂತ ಲೆಕ್ಕ. ಏಳೂ ಮಕ್ಕಳು ಆಟ ಬಿಟ್ಟು ಪುಸ್ತಕ ಹಿಡಿತಿದ್ರಂತ. "ಈಗ ಮನಿ ಮುಂದ ನಿಲ್ಲಿಸಿ ಬಾಗಲಾ ಹಾಕಿದೆ," ಅಂದ್ರು ಹಾಜಿ. "ಹತ್ತು ಸಲ ಹಾಕಿದೆ. ಅಪ್ಪ ಬರಲಿಲ್ಲ."

ಆ ಬಾಗಲದೊಳಗಿಂದ ಮುರದು ಬಿದ್ದಿದ್ದ ಏನೋ ಒಂದು ಕಬ್ಬಿಣದ ತುಂಡು ನಾನೇ ತಗದು ಗುಜರಿಗೆ ಒಗದಿದ್ದೆ. ಸಪ್ಪಳ ಬರಬಾರದು ಅಂತ ವಾರಗಟ್ಟಲೆ ದುಡದಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ, ಇಲ್ಲಿ ಹೆತ್ತವರ ಹೆಗ್ಗಣ ಮಕ್ಕಳಿಗೆ ಮುದ್ದು. ಅದನ್ನ ನಾ ತಿಳಕೊಂಡಿರಲಿಲ್ಲ.

ಕಫೀಲ್ ಅಂದ, "ಗಾಡಿ ಗೇಟಿನ ಒಳಗೈತಿ. ರಜಾ ಇಲ್ಲ."

ಬಾಗಲದ ಒಳಗಿನ ಹಲಗಿ ಬಿಚ್ಚಿ ಸುರು ಮಾಡಿದೆ. ನಟ್ಟು ಹಾಕಿ ಬಾಗಲಾ ಬಡದೆ. ಹಾಜಿ ಕಣ್ಣು ಮುಚ್ಚಿ ಕೇಳಿ, "ಇಲ್ಲ, ಇದು ತೆಳ್ಳಗೈತಿ," ಅಂದ್ರು. ಬೋಲ್ಟು ಹಾಕಿದೆ. "ಇದು ದಪ್ಪ." ಚೈನಿನ ತುಂಡು. "ಇದು ಪೊಲೀಸರ ಗಾಡಿ." ಸಾಕ್ಷಿಗೆ ಅಂತ ತಮ್ಮ ಅಕ್ಕನ್ನ, ತಮ್ಮನ್ನ ಕರಕೊಂಡು ಬಂದ್ರು. ಅಕ್ಕ ಅಂದ್ಲು, ಸಪ್ಪಳ ಘಲ್ ಅಂತಿತ್ತು. ತಮ್ಮ ಅಂದ, ಖಟ್ ಅಂತಿತ್ತು. ಆಮ್ಯಾಲ ತಮ್ಮ ಮತ್ತ ವಿಚಾರ ಮಾಡಿ, ಅದು ಬಾಗಲದ ಸಪ್ಪಳ ಅಲ್ಲೇ ಅಲ್ಲ, ಬಾಗಲಾ ತಗಿಯಾಕ ಬರತಿದ್ದ ಅವ್ವನ ಕೈಬಳಿ ಸಪ್ಪಳ ಅಂದ. ಮೂವರೂ ಜಗಳಾಡಿ ಮಾತು ಬಿಟ್ಟು ಮನಿಗೆ ಹೋದ್ರು. ಹಿಂಗೇ ಹತ್ತು ದಿನಾ ಹೋದ್ವು.

ಜವಳದ ದಿನಾ ಮುಂಜಾನೆ ನಾ ಅದೇ ಬಾಗಲದ ಮುಂದ ನಿಂತಿದ್ದೆ. ಹಾಜಿ ಸೀಟಿನ್ಯಾಗ ಕಣ್ಣು ಮುಚ್ಚಿ ಕುಂತಿದ್ರು. ಊರಿಂದ ವಿಡಿಯೋ ಕಾಲ್ ಬಂತು. ಫೋನ್ ಗಾಡಿ ಮ್ಯಾಲ ನಿಲ್ಲಿಸಿದೆ. ಮನಿದೇವರ ಗುಡಿ, ಹೊಸಾ ಅಂಗಿ ಹಾಕಿದ ಕೂಸು, ಅದನ್ನ ಯಾರದೋ ತೊಡಿ ಮ್ಯಾಲ ಕುಂಡ್ರಿಸಿದ್ರು. ಆ ತೊಡಿ ನಂದಾಗಿರಲಿಲ್ಲ.

ಶಾಸ್ತ್ರ ಮಾಡಸಾಕ ಬಂದ ಅಯ್ಯನವರು ಕೇಳಿದ್ರು, "ಸೋದರಮಾವ ಎಲ್ಲಿ?"

"ಫೋನಿನ್ಯಾಗ ಅದಾನ್ರಿ," ಅಂದ್ಲು ತಂಗಿ.

"ಆತು. ಮಾವ ಅಲ್ಲೇ ಒಂದು ಕತ್ತರಿ ಹಿಡೀಲಿ. ನಾ ಹೂಂ ಅಂದಾಗ ಅಂವ ಅಲ್ಲಿ ಕತ್ತರಿ ಆಡಿಸಲಿ, ಇಲ್ಲಿ ಅವನ ಹೆಸರಲೆ ಕತ್ತರಿಸ್ತಾರ."

ನನ್ನ ಕೈಗೆ ಸಿಕ್ಕದ್ದು ತಗಡು ಕತ್ತರಿ, ಮೊಳದುದ್ದ. ಅದನ್ನ ಎತ್ತಿ ಹಿಡದೆ. ಫೋನಿನ್ಯಾಗ ಅದನ್ನ ಕಂಡು ಕೂಸು ಕಿಟಾರನ ಕಿರಿಚಿತು. "ಒಲ್ಲೆ! ಮಾಮಾ ಒಲ್ಲೆ!" ಅಯ್ಯನವರು ಹೂಂ ಅಂದ್ರು. ನಾ ಗಾಳಿಯೊಳಗ ಕಚಕ್ ಅನಿಸಿದೆ. ಅಲ್ಲಿ ಒಂದು ಎಳಿ ಕೂದಲು ತಾಟಿನ್ಯಾಗ ಬಿತ್ತು. ಹೆಂಗಸರು ಹಾಡು ಹೇಳಿದ್ರು. ನನಗ ಮುಂದ ಕಾಣಲಿಲ್ಲ. ಕಣ್ಣು ಒರಸಿಕೊಳ್ಳಾಕ ಹೋದೆ, ಕತ್ತರಿ ಕೈಜಾರಿ ಬಾಗಲದ ಪೊಳ್ಳಿನ್ಯಾಗ ಬಿತ್ತು.

ಹಾಜಿಗೆ ಇದ್ಯಾವದೂ ಗೊತ್ತಿಲ್ಲ. ಮುಂದಿನ ಪರೀಕ್ಷೆ ತಯಾರಾತು ಅಂದುಕೊಂಡು ಬಾಗಲಾ ಎಳದು ಹಾಕಿದ್ರು.

ಧಡ್. ಘಲಕ್.

ಹಾಜಿ ಕಣ್ಣು ತಗದ್ರು. ಮತ್ತೊಮ್ಮೆ ಹಾಕಿದ್ರು. ಧಡ್, ಘಲಕ್. ಗಾಡಿಯಿಂದ ಇಳದು ನನ್ನನ್ನ ಅವಚಿಕೊಂಡ್ರು, ಗಡ್ಡ ತೊಯ್ದಿತ್ತು. "ಬಂದ! ನಮ್ಮಪ್ಪ ಬಂದ! ಏನು ಹಾಕಿದಿ?"

"ಕತ್ತರಿ," ಅಂದೆ.

"ಅದನ್ನ ಯಾರೂ ಮುಟ್ಟಬ್ಯಾಡ್ರಿ!"

ಅಲ್ಲೇ ನಿಂತು ಕಫೀಲನ್ನ ಕರದ್ರು. ಗಾಡಿ ಗೇಟು ದಾಟಿತು, ಹೊಳ್ಳಿ ಬರಲಿಲ್ಲ. ಮಧ್ಯಾಹ್ನದಾಗ ನನ್ನ ಕೈಗೆ ರಜಾ ಚೀಟಿ ಬಂತು. ಎರಡು ತಿಂಗಳು, ಪೂರಾ. ಅದನ್ನ ಹಿಡಕೊಂಡು ನಾ ಹಾಳು ಬಿಸಲಾಗ ನಿಂತೆ. ಈಗ ಹೋಗಿ ನಾ ಏನು ಮಾಡ್ಲಿ? ಮೂರು ವರ್ಷ ಕಾದ ಕೆಲಸ ಒಂದು ಕಚಕ್‌ನ್ಯಾಗ ಮುಗದಿತ್ತು, ಅದೂ ಗಾಳಿಯೊಳಗ.

ತಂಗಿಗೆ ಫೋನ್ ಮಾಡಿದೆ. "ರಜಾ ಸಿಕ್ತು," ಅಂದೆ. ಆ ಕಡೆ ಆಕಿ ಹಿಂದ ಕೂಸು ಒಂದೇ ಸಮ ಒದರಾಕತ್ತಿತ್ತು.

"ಯಾಕ ಅಳಾಕತ್ತೈತಿ? ತಲಿ ಬೋಳಿಸೂವಾಗ ಬ್ಲೇಡ್ ತಾಗಿತೇನು?"

"ಇಲ್ಲಣ್ಣಾ. ಕನ್ನಡಿ ನೋಡಿಕೊಂಡಾಳ. ಇದು ನಾ ಅಲ್ಲ, ನನ್ನ ಜಡಿ ಕೊಡ್ರಿ ಅಂತ ಮುಂಜಾನಿಂದ ಹಠ ಹಿಡದಾಳ." ತಂಗಿ ಮೂಗು ಏರಿಸಿದ್ಲು. ಆಕಿ ಅಳಾಕತ್ತಿದ್ಲೋ ನಗಾಕತ್ತಿದ್ಲೋ ನನಗ ತಿಳಿಲಿಲ್ಲ. "ನೀ ಹಳೇದು ಹೆಂಗಿತ್ತೋ ಹಂಗ ಮಾಡಿ ಕೊಡೂ ಮಿಸ್ತ್ರಿ ಅಲ್ಲೇನೋ? ಲಗೂನ ಬಾ. ಬಂದು ಇದರ ತಲಿಗೆ ಕೂದಲಾ ಕುಂಡ್ರಿಸಿ ಕೊಡು."