ಸಾಲ್ಟ್ ಒಂದೇ, ಮಾಮಾ

ನಮ್ಮ ಸೋದರಮಾವನಿಗೆ ಈ ಜಗತ್ತಿನಲ್ಲಿ ಒಂದೇ ಒಂದು ವಸ್ತುವಿನ ಮೇಲೆ ನಂಬಿಕೆ: ಹೋದ ಸಲ ತಂದದ್ದು. ಚಹಾಪುಡಿಯಾಗಲಿ, ಚಪ್ಪಲಿಯಾಗಲಿ, ಹೋದ ಸಲ ತಂದದ್ದೇ ಬೇಕು. ಅವನ ಖಾಯಂ ಕ್ಷೌರದವನು ಮಗಳ ಊರಿಗೆ ಹೋಗಿ ನಾಲ್ಕು ತಿಂಗಳು ಕೂತಾಗ, ಮಾಮಾನೂ ನಾಲ್ಕು ತಿಂಗಳು ಕೂದಲು ಬಿಟ್ಟುಕೊಂಡು ಕೂತ. ಯಾವುದೋ ದೊಡ್ಡ ಹರಕೆ ಇರಬೇಕೆಂದು ಊರವರು ಕೈಮುಗಿಯತೊಡಗಿದರು!

ಇಂಥವನಿಗೆ, ಗಡಿಭಾಗದ ನಮ್ಮ ಕಡೆ ಭೂಕಂಪವಾಗಿ ಮನೆಗಳು ಬಿದ್ದ ಮೇಲೆ, ಸರಕಾರ ಕೊಟ್ಟದ್ದು ಏನು ಗೊತ್ತೇ? ಒಂದರ ಹಾಗೇ ಇನ್ನೊಂದಿರುವ ಮನೆಗಳ ಸಾಲಿನಲ್ಲಿ ಒಂದು ಮನೆ. ಎಲ್ಲ ಒಂದೇ ತರಹ ಇರಬೇಕೆನ್ನುವ ಮನುಷ್ಯನಿಗೆ ಅದು ಸ್ವರ್ಗವೇ ಆಗಬೇಕಿತ್ತಲ್ಲವೇ? ಆಗಲಿಲ್ಲ. ಮೊದಲ ತಿಂಗಳಲ್ಲೇ ಮೂರು ಸಲ ಬೇರೆಯವರ ಮನೆ ಹೊಕ್ಕ. ಒಂದು ಸಲವಂತೂ ಒಳಗೆ ಹೋಗಿ ಹೊರಸಿನ ಮೇಲೆ ಕೂತು, ಚಹಾ ತರಿಸಿ ಕುಡಿದು, ಸಕ್ಕರೆ ಕಡಿಮೆಯಾಯಿತೆಂದು ಗೊಣಗಿ ತಲೆ ಎತ್ತಿದರೆ, ಎದುರಿಗೆ ನಿಂತವಳು ಪಕ್ಕದ ಮನೆಯ ಮರಾಠಿ ಹೆಣ್ಣುಮಗಳು. ಹಿರಿಯರು ಬಂದಿದ್ದಾರೆಂದು ಆಕೆ ಪಾಪ, ಸೆರಗು ಹೊದ್ದು ಇನ್ನೊಂದು ಚಮಚ ಸಕ್ಕರೆ ಹಾಕಿಕೊಟ್ಟಳಂತೆ.

ಆ ಭೂಕಂಪದಲ್ಲೇ ನಮ್ಮ ಮಾಮಿಯ ತಲೆಗೆ ಮಾಳಿಗೆಯ ಕಲ್ಲು ಬಡಿದಿತ್ತು. ಗಾಯ ಮಾಯಿತು, ಆದರೆ ಮರುವರ್ಷದಿಂದ ಫಿಟ್ಸ್ ಶುರುವಾಯಿತು. ದೇವರು, ತಾಯತ, ವಿಭೂತಿ ಎಲ್ಲ ಆಗಿ, ಕೊನೆಗೆ ಉದಗೀರದ ಡಾಕ್ಟರರು ಬರೆದುಕೊಟ್ಟ ಗುಳಿಗೆ ಹತ್ತಿತು. ಮುಂಜಾನೆ ಒಂದು, ರಾತ್ರಿ ಒಂದು. ಎಷ್ಟೋ ವರ್ಷ ಅದೇ ಕಂಪನಿ, ಅದೇ ಹಳದಿ ಪಾಕೀಟು. ಫಿಟ್ಸ್ ವರ್ಷಕ್ಕೊಮ್ಮೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗುಳಿಗೆ ತರುವ ಕೆಲಸ ಮಾಮಾನದು. ಆ ಕೆಲಸಕ್ಕೆ ಅವನಿಗಿಂತ ತಕ್ಕವನು ಇನ್ಯಾರು ಸಿಕ್ಕಾರು?

ಒಂದು ಸೋಮವಾರ ಉಮರಗಾದ ಔಷಧಿ ಅಂಗಡಿಯವನು ಹಳದಿಯ ಬದಲು ಬಿಳಿ ಪಾಕೀಟು ಮುಂದಿಟ್ಟ. ಆ ಕಂಪನಿಯ ಮಾಲು ಬರುತ್ತಿಲ್ಲ, ಇದು ಜನರಿಕ್, ಅರ್ಧ ಬೆಲೆ ಎಂದ. ಅರ್ಧ ಬೆಲೆ ಎಂದ ಕೂಡಲೇ ಮಾಮಾನ ಅನುಮಾನ ದುಪ್ಪಟ್ಟಾಯಿತು.

"ಸಾಲ್ಟ್ ಒಂದೇ ಅದ, ಮಾಮಾ," ಅಂದ ಅಂಗಡಿಯವ.

"ಉಪ್ಪಿನ ಮಾತು ಯಾಕ ತಗೀತಿ? ನಾ ಗುಳಿಗಿ ಕೇಳ್ಲಾಕತ್ತೀನಿ."

ಸಾಲ್ಟ್ ಅಂದರೆ ಒಳಗಿನ ಅಸಲು ಔಷಧಿ ಎಂದು ಅಂಗಡಿಯವ ತಿಳಿಸಿ ಹೇಳಿದ. ಮಾಮಾ ಒಂದು ಗುಳಿಗೆಯ ತುದಿ ನೆಕ್ಕಿ ನೋಡಿ, ಇದು ಕಹಿ ಇದೆ ಎಂದು ತೀರ್ಪು ಕೊಟ್ಟ. ಹಾಗಾದರೆ ಹಳೆಯದು ಹೇಗಿತ್ತು ಎಂದು ಕೇಳಿದರೆ ಪಾಕೀಟು ತಿರುಗಿಸಿ ನೋಡತೊಡಗಿದ. ಹಳೆಯದನ್ನು ಅವನೆಂದೂ ನೆಕ್ಕಿರಲಿಲ್ಲ!

ಆದರೂ ಒಂದು ಬಿಳಿ ಪಾಕೀಟು ಕೊಂಡುಕೊಂಡು ಮನೆಗೆ ಹೋದ. ಮನೆಯಲ್ಲಿ ಹಳೆಯ ಗುಳಿಗೆ ಏಳು ಉಳಿದಿದ್ದವು, ಗುರುವಾರ ರಾತ್ರಿಯವರೆಗೆ ಮಾತ್ರ ಸಾಕು. ಡಾಕ್ಟರರು ಮದುವೆಗೆಂದು ಪರವೂರಿಗೆ ಹೋಗಿದ್ದಾರೆ, ಗುರುವಾರವೇ ಬರುತ್ತಾರೆ ಎಂದು ಫೋನಿನಲ್ಲಿ ತಿಳಿಯಿತು. ಒಂದು ಹೊತ್ತು ಗುಳಿಗೆ ತಪ್ಪಿದರೂ ಮಾಮಿ ಒಲೆಯ ಮುಂದೆಯೋ ಬಾವಿಯ ಕಟ್ಟೆಯ ಮೇಲೋ ಬಿದ್ದಾಳೆಂಬ ಹೆದರಿಕೆ. ಹೊಸದನ್ನು ಕೊಡಲೂ ಅಷ್ಟೇ ಹೆದರಿಕೆ.

ಮಂಗಳವಾರ ಹಳದಿ ಪಾಕೀಟು ಹುಡುಕಿಕೊಂಡು ನಿಲಂಗಾಕ್ಕೆ ಹೋದ. ಅಲ್ಲಿಯವನು ಮೂರನೆಯದೇ ಒಂದು ಗುಲಾಬಿ ಗುಳಿಗೆ ತೋರಿಸಿದ. ಅಲ್ಲೂ ಸಾಲ್ಟ್ ಒಂದೇ! ಅಂಗಡಿಯ ಮುಂದೆ ನಿಂತ ಒಬ್ಬರು ಜನರಿಕ್ ಅಂದರೆ ನಕಲಿ ಎಂದರು. ಇನ್ನೊಬ್ಬರು, ಎಲ್ಲವೂ ಒಂದೇ ಕಾರಖಾನೆಯಲ್ಲಿ ಆಗುತ್ತವೆ, ಪಾಕೀಟು ಮಾತ್ರ ಬೇರೆ ಎಂದರು. ಮೂರನೆಯವರು ಗುಳಿಗೆಯೇ ಬೇಡ, ಆಕಳ ತುಪ್ಪ ಮೂಗಿಗೆ ಬಿಡಿ ಎಂದರು.

ಸಂಜೆ ತಲೆ ಕೆಟ್ಟು ಉಮರಗಾದಲ್ಲಿರುವ ನಮ್ಮ ಮನೆಗೆ ಬಂದ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. "ನೀ ಸಾಯನ್ಸ್ ಕಲಸಾಕಿ, ಖರೇ ಹೇಳು ಮಗಳ," ಎಂದ. ನಾನು ಉತ್ಸಾಹದಿಂದ, ಜೋಳ ಒಂದೇ ಆದಾಗ ರೊಟ್ಟಿಯನ್ನು ಮಾಮಿ ಬಡಿದರೇನು, ನಾನು ಬಡಿದರೇನು ಎಂದು ಉದಾಹರಣೆ ಕೊಟ್ಟೆ.

ಮಾಮಾ ಅಡ್ಡ ತಲೆ ಆಡಿಸಿದ. "ನಿನ್ನ ರೊಟ್ಟಿ ದಪ್ಪ ಇರ್ತಾವ," ಎಂದ.

ಅದರ ಮುಂದೆ ನನ್ನ ವಿಜ್ಞಾನ ನಡೆಯಲಿಲ್ಲ. ಮಾತಾಡುವಾಗ ಅವನು ಒಂದು ಕಣ್ಣು ಮುಚ್ಚಿ ನನ್ನನ್ನು ನೋಡುತ್ತಿದ್ದ. ವಯಸ್ಸಾಯಿತಲ್ಲ, ಕನ್ನಡಕದ ನಂಬರು ಬದಲಾಗಿರಬೇಕೆಂದುಕೊಂಡೆ.

ಗುರುವಾರ ಮಾಮಾ, ಮಾಮಿ, ನಾನು ಮೂವರೂ ಉದಗೀರಕ್ಕೆ ಹೋದೆವು. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಕೇಳಿದರೆ, ಏನಾಶ್ಚರ್ಯ, ಹಳೆಯ ಕಂಪನಿಯದೇ ಗುಳಿಗೆ ಇದೆ! ಆದರೆ ಕಂಪನಿಯವರು ಪಾಕೀಟಿನ ಬಣ್ಣ ಬದಲಿಸಿದ್ದರು, ಈಗ ಹಸಿರು. ಮಾಮಾ ಅದನ್ನೂ ಒಲ್ಲೆ ಎಂದ. ಹೆಸರು ಅದೇ ಇದೆಯಲ್ಲ ಎಂದು ಮಾಮಿ ಹೇಳಿದರೆ, "ನನ್ನ ಹೆಸರಿನಾವ್ರು ನಮ್ಮೂರಾಗ ಐದು ಮಂದಿ ಅದಾರ," ಎಂದ. ಆಮೇಲೆ ಅಂಗಡಿಯವನ ಕಡೆ ತಿರುಗಿ, ಒಂದು ಪಾಕೀಟು ಕೇಳಿದರೆ ಎರಡು ಯಾಕೆ ಇಟ್ಟಿದ್ದೀ ಎಂದು ಸಿಟ್ಟಾದ. ನಾನು ನೋಡಿದೆ, ಮಾಮಿ ನೋಡಿದಳು. ಅಲ್ಲಿದ್ದದ್ದು ಒಂದೇ.

ಮೆಟ್ಟಿಲು ಇಳಿಯುವಾಗ ಮಾಮಾ ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟು ಧೊಪ್ಪೆಂದು ಬಿದ್ದ, ಎಚ್ಚರ ತಪ್ಪಿತು.

ಮಂದಿ ಕೂಡಿದರು. ಒಬ್ಬರು ಉಳ್ಳಾಗಡ್ಡಿ ತಂದರು, ಒಬ್ಬರು ಮೂಸಿಸಲು ಚಪ್ಪಲಿಯನ್ನೇ ಕಳಚಿದರು. ನಾನು, ವಿಜ್ಞಾನ ಕಲಿಸುವವಳು, ನೀರು, ನೀರು ಎಂದು ಕೂಗುತ್ತ ನಿಂತೆ. ಮಾಮಿ ಎಲ್ಲರನ್ನೂ ದೂರ ಸರಿಸಿದಳು. ಮಾಮಾನನ್ನು ಎಡ ಮಗ್ಗಲಿಗೆ ಹೊರಳಿಸಿ, ಅಂಗಿಯ ಗುಂಡಿ ಬಿಚ್ಚಿ, ತಲೆಯ ಕೆಳಗೆ ತನ್ನ ಕೈ ಇಟ್ಟು ಸುಮ್ಮನೆ ಕೂತಳು. ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟ. ಆಟೋದಲ್ಲಿ ಡಾಕ್ಟರರ ಹತ್ತಿರ ಕರೆದೊಯ್ದೆವು.

ಡಾಕ್ಟರರು ತಲೆ, ಕಣ್ಣು, ನಾಡಿ ಎಲ್ಲ ನೋಡಿ, ಏನು ತಿಂದಿದ್ದಿರಿ ಎಂದು ಕೇಳಿದರು. ರೊಟ್ಟಿ, ಪಲ್ಯ ಎಂದ ಮಾಮಾ. ಎರಡನೆಯ ಸಲ ಕೇಳಿದಾಗ ಕಿಸೆಯಿಂದ ಆ ಬಿಳಿ ಪಾಕೀಟು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಆರು ಗುಳಿಗೆ ಖಾಲಿಯಾಗಿದ್ದವು. ಸೋಮವಾರ ರಾತ್ರಿಯಿಂದ, ಮಾಮಿ ಹಳೆಯದನ್ನು ನುಂಗುವ ಹೊತ್ತಿಗೇ ಅವನೂ ಹಿಂದಿನ ಕೋಣೆಯಲ್ಲಿ ಹೊಸದನ್ನು ನುಂಗುತ್ತಿದ್ದ.

"ಇಕಿಗೆ ಕೊಡೂದರ ಮೊದಲ ನಾ ನೋಡಿದೆ ರೀ," ಎಂದ. "ಕೆಟ್ಟದಿದ್ರ ನನಗೇ ಆಗ್ಲಿ ಅಂತ."

ಡಾಕ್ಟರರು ನಗಲಿಲ್ಲ. ಈ ರೋಗವಿಲ್ಲದವರು ಏಕಾಏಕಿ ನುಂಗಿದರೆ ತಲೆ ತಿರುಗುತ್ತದೆ, ಒಂದು ಎರಡಾಗಿ ಕಾಣುತ್ತದೆ, ಹಳೆಯದನ್ನು ನುಂಗಿದ್ದರೂ ಹೀಗೇ ಆಗುತ್ತಿತ್ತು ಎಂದರು. ಮಾಮಾ ಕೂಡಲೇ, ಹಾಗಾದರೆ ಹಳೆಯದನ್ನೂ ಮೂರು ದಿನ ನುಂಗಿ ತಾಳೆ ನೋಡುತ್ತೇನೆ ಎಂದ. ಮಾಮಿ ಗುಳಿಗೆಯ ಚೀಲವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

ಒಳಗಿನ ಔಷಧಿ ಒಂದೇ, ಪ್ರಮಾಣವೂ ಒಂದೇ, ಬಿಳಿಯದನ್ನೇ ಧೈರ್ಯವಾಗಿ ಕೊಡಿ ಎಂದು ಡಾಕ್ಟರರು ನಿಧಾನವಾಗಿ ತಿಳಿಸಿದರು. ಆದರೆ ಒಂದನ್ನು ಹಿಡಿದ ಮೇಲೆ ಅದನ್ನೇ ನಡೆಸಿ, ತಿಂಗಳಿಗೊಂದು ಕಂಪನಿ ಅಂತ ಓಡಾಡಬೇಡಿ, ಬದಲಿಸುವುದಾದರೆ ನನಗೆ ಹೇಳಿ, ಒಂದು ಹೊತ್ತೂ ತಪ್ಪಿಸಬೇಡಿ, ತಿಂಗಳಾದ ಮೇಲೆ ಬಂದು ತೋರಿಸಿ ಎಂದರು. ಹೋದ ಸಲದ್ದೇ ತರಬೇಕು ಎಂದು ಒಬ್ಬ ಡಾಕ್ಟರರ ಬಾಯಿಂದ ಕೇಳಿ ಮಾಮಾನ ಮುಖ ಅರಳಿತು. ಮಾಮಿಗೆ ಬಿಳಿ ಗುಳಿಗೆ ಒಗ್ಗಿತು, ಆ ವರ್ಷ ಫಿಟ್ಸ್ ಬರಲೇ ಇಲ್ಲ. ಈಗ ಉಮರಗಾದಲ್ಲಿ ಹಳೆಯ ಕಂಪನಿಯ ಪಾಕೀಟು ಮತ್ತೆ ಸಿಗುತ್ತದೆ. ಅದನ್ನು ತೋರಿಸಿದರೆ ಮಾಮಾ ಅಂಗಡಿಯವನ ಮೇಲೆ ಜಗಳಕ್ಕೆ ಹೋಗುತ್ತಾನೆ!

ಅವತ್ತು ಸಂಜೆತನಕ ಅವನನ್ನು ಅಲ್ಲೇ ಮಲಗಿಸಿ ನೋಡಿ, ಆಮೇಲೆ ಮನೆಗೆ ಕಳಿಸಿದರು. ಬಸ್ಸು ಕಾಸಾರಶಿರಸಿ ದಾಟುವ ಹೊತ್ತಿಗೆ ಮಾಮಾ ಮಾಮಿಯ ಹೆಗಲಿಗೆ ತಲೆ ಆನಿಸಿ ನಿದ್ದೆ ಹೋಗಿದ್ದ. ನನಗೆ ಒಂದು ವಿಷಯ ತಿಳಿಯದಾಗಿತ್ತು. ಬಿದ್ದವರನ್ನು ಹಾಗೆ ಮಗ್ಗಲಿಗೆ ಹೊರಳಿಸಬೇಕೆಂದು ನಿನಗೆ ಯಾರು ಕಲಿಸಿದರು ಎಂದು ಮಾಮಿಯನ್ನು ಕೇಳಿದೆ.

ಮಾಮಿ ಹೆಗಲು ಅಲ್ಲಾಡದಂತೆ ನನ್ನ ಕಡೆ ತಿರುಗಿದಳು. "ಯಾರು ಕಲಸ್ತಾರ? ಬಿದ್ದಾಗ ನನಗೇನೂ ಗೊತ್ತಾಗಂಗಿಲ್ಲ. ಆದ್ರ ಎಚ್ಚರ ಆದಾಗ ಪ್ರತಿ ಸಲ ಎಡ ಮಗ್ಗಲ ಮ್ಯಾಲೆ ಇರ್ತೀನಿ. ತಲಿ ಕೆಳಗ ಇವರ ಕೈ ಇರ್ತದ."