ಬಲಗಾಲಿನ ಲಿಗಮೆಂಟಿಗೆ ಹೊಲಿಗೆಯಂಗಡಿಯಿಂದ ಒಂದು ಮನವಿ

ಸನ್ಮಾನ್ಯ ಲಿಗಮೆಂಟ್ ಮಹೋದಯರ ಸನ್ನಿಧಾನಕ್ಕೆ,
ಬಲಗಾಲಿನ ಹರಡಿನ ಹೊರಮಗ್ಗುಲು, ಚರ್ಮದ ಒಳಗೆ, ಮೂಳೆಯ ಪಕ್ಕ.

ಮಾನ್ಯರೇ,

ತಾವು ಕ್ಷೇಮವಾಗಿಲ್ಲವೆಂಬುದು ಇಡೀ ಬೀದಿಗೇ ಗೊತ್ತಿರುವುದರಿಂದ ಕ್ಷೇಮಸಮಾಚಾರ ವಿಚಾರಿಸುವ ಶಿಷ್ಟಾಚಾರವನ್ನು ಬಿಟ್ಟು ನೇರವಾಗಿ ಅಡ್ಡಬೀಳುತ್ತಿದ್ದೇನೆ. ಬೀಳುವುದು ಈಚೆಗೆ ನನಗೆ ಅಭ್ಯಾಸವೂ ಆಗಿದೆ. ಇಷ್ಟು ವರ್ಷ ಒಂದೇ ಮೈಯಲ್ಲಿ ವಾಸವಾಗಿದ್ದರೂ ತಮ್ಮ ಹೆಸರನ್ನು ಸಹ ತಿಳಿದುಕೊಳ್ಳದೆ ಇದ್ದದ್ದು ನನ್ನ ಉದ್ಧಟತನ. ಬೆರಳಿಗೆ ಉಂಗುರ, ಮುಖಕ್ಕೆ ಕ್ರೀಮು, ಕೂದಲಿಗೆ ಬಣ್ಣ ಎಂದು ಎಲ್ಲರನ್ನೂ ವಿಚಾರಿಸಿಕೊಂಡವಳು ತಮಗೆ ಮಾತ್ರ ಏನನ್ನೂ ಕೊಡಲಿಲ್ಲ. ಅದಕ್ಕಾಗಿ ತಾವು ಮುನಿಸಿಕೊಂಡಿದ್ದರೆ ನ್ಯಾಯವೇ. ಆದರೆ ಮರ್ಯಾದಸ್ಥರು ಮುನಿಸಿಕೊಳ್ಳುವ ಮುಂಚೆ ಒಂದು ಮಾತು ಹೇಳುತ್ತಾರೆ.

ತಾವು ಹರಿದ ಆ ಮಧ್ಯಾಹ್ನ ನಾನು ಶಾಲಾ ಸಮವಸ್ತ್ರಗಳ ರಾಶಿಯನ್ನು ಗಲ್ಲದವರೆಗೂ ಅಪ್ಪಿಕೊಂಡು ನಮ್ಮ ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದೆ. ಅಂಗಡಿ ಅಕ್ಕನದೂ ನನ್ನದೂ: ಅವಳು ಬಟ್ಟೆ ಕತ್ತರಿಸುತ್ತಾಳೆ, ನಾನು ಕಾಲಿನಿಂದ ತುಳಿಯುವ ಹಳೆಯ ಮಷೀನಿನಲ್ಲಿ ಹೊಲಿಯುತ್ತೇನೆ. ಮೆಟ್ಟಿಲು ಇರುವುದು ಒಂದೇ ಒಂದು, ಅದು ಎಲ್ಲಿದೆಯೆಂದು ನನಗಿಂತ ತಮಗೇ ಚೆನ್ನಾಗಿ ಗೊತ್ತು. ಆದರೂ ಪಾದ ಒಳಕ್ಕೆ ಮಗುಚಿಕೊಂಡಿತು, ಟಪ್ ಎಂಬ ಸದ್ದು ಬಂತು, ಮತ್ತು ಹೊಲಿಗೆಯವಳ ಬುದ್ಧಿ ನೋಡಿ, ನೆಲಕ್ಕೆ ಕುಕ್ಕರಿಸಿದವಳು ಮೊದಲು ಮಾಡಿದ ಕೆಲಸವೆಂದರೆ ನನ್ನ ಉಡುಪಿನ ಪಕ್ಕದ ಹೊಲಿಗೆ ಬಿಟ್ಟಿತೇನೋ ಎಂದು ತಡಕಿ ನೋಡಿದ್ದು. ಹೊಲಿಗೆ ಗಟ್ಟಿಯಾಗಿತ್ತು, ನಾನೇ ಹಾಕಿದ್ದಲ್ಲವೇ. ಬಿಟ್ಟದ್ದು ನನ್ನ ಕೈಕೆಲಸವಲ್ಲ ಎಂದು ಸಮಾಧಾನವಾದ ಮೇಲೆಯೇ ನನಗೆ ನೋವು ಶುರುವಾದದ್ದು.

ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲವೆಂದೂ, ಆಮೇಲೆ ತಮ್ಮನ್ನು ಒತ್ತಿ, ತಿರುಗಿಸಿ, ನನ್ನನ್ನು ಕೂಗಿಸಿ, ಲಿಗಮೆಂಟ್ ಅರ್ಧ ಹರಿದಿದೆಯೆಂದೂ ಹೇಳಿದರು. ಅರ್ಧ ತಾನೇ, ಹೊಲಿದುಬಿಡಿ ಎಂದೆ. ಹೊಲಿಯುವುದು ಬೇಡ, ತಾನಾಗಿಯೇ ಕೂಡಿಕೊಳ್ಳುತ್ತದೆ ಎಂದರು. ಹರಿದ ಮೇಲೆ ತಾನಾಗಿಯೇ ಕೂಡಿಕೊಳ್ಳುವ ಬಟ್ಟೆ ಇದ್ದಿದ್ದರೆ ನಮ್ಮ ಅಂಗಡಿಗೆ ಎಂದೋ ಬೀಗ ಬೀಳುತ್ತಿತ್ತು, ಆದರೂ ಓದಿದವರ ಮಾತೆಂದು ತಲೆಯಾಡಿಸಿದೆ. ಐಸ್ ಇಡಿ, ಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ, ನಡೆಯಲೇಬೇಡಿ ಎಂದು ಕಳಿಸಿದರು. ಅಂದಿನಿಂದ ಮನೆಯ ಮೆತ್ತನೆಯ ದಿಂಬು ತಮ್ಮ ಪಾಲಾಯಿತು, ನನ್ನ ತಲೆಗೆ ಮಡಚಿದ ಟವೆಲ್ಲು ಉಳಿಯಿತು. ನನಗೆ ಜ್ವರ ಬಂದಾಗಲೂ ಪೇಪರ್ ಓದಿಕೊಂಡಿದ್ದ ನಮ್ಮ ಮನೆಯ ಯಜಮಾನರು ಈಗ ತಮ್ಮ ಊತ ಇಳಿಯಿತೇ ಎಂದು ಬಗ್ಗಿ ಬಗ್ಗಿ ನೋಡತೊಡಗಿದರು. ಇಷ್ಟು ಗೌರವ ಪಡೆಯಲು ಅರ್ಧ ಹರಿದರೆ ಸಾಕೆಂದು ಮೊದಲೇ ಗೊತ್ತಿದ್ದರೆ ನಾನೂ ಎಲ್ಲಾದರೂ ಒಂದಿಷ್ಟು ಹರಿದುಕೊಳ್ಳುತ್ತಿದ್ದೆ.

ಡಾಕ್ಟರು ನಡೆಯಬೇಡಿ ಎಂದರೇ ಹೊರತು ತುಳಿಯಬೇಡಿ ಎನ್ನಲಿಲ್ಲ. ಮಾರನೆಯ ಬೆಳಿಗ್ಗೆಯೇ ಯಜಮಾನರು ಸ್ಕೂಟರಿನಲ್ಲಿ ಅಂಗಡಿಯ ಬಾಗಿಲಿಗೆ ಬಿಟ್ಟರು, ನಾನು ಅವರ ಹೆಗಲು ಹಿಡಿದು ಕುಪ್ಪಳಿಸುತ್ತ ಒಳಗೆ ಹೋಗಿ ಮಷೀನಿನ ಮುಂದೆ ಕೂತೆ, ಪಟ್ಟಿ ಸುತ್ತಿದ ತಮ್ಮನ್ನು ಪೆಡಲಿನ ಮೇಲೆ ಪ್ರತಿಷ್ಠಾಪಿಸಿ ಸಂಜೆಯವರೆಗೆ ಷರಟು ಹೊಲಿದೆ. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಒಂದು ಹೆಜ್ಜೆಯನ್ನೂ ನಡೆಯಲಿಲ್ಲವೆಂಬ ಹೆಮ್ಮೆ ಬೇರೆ. ಮುಂದಿನ ಭೇಟಿಗೆ ಹೋದಾಗ ತಾವು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಉಬ್ಬಿದ್ದಿರಿ. ನಡೆದ್ರಾ ಎಂದು ಡಾಕ್ಟರು ಗದರಿದರು, ಇಲ್ಲವೆಂದು ನಾನು ಆಣೆ ಮಾಡಿದೆ, ಜೊತೆಗೆ ಬಂದಿದ್ದ ಅಕ್ಕ ನನ್ನ ಪರ ವಹಿಸುವ ಉತ್ಸಾಹದಲ್ಲಿ "ಪಾಪ, ಎಲ್ಲೂ ನಡೆದಿಲ್ಲ ಡಾಕ್ಟ್ರೇ, ಬೆಳಗಿಂದ ಸಂಜೆ ತನಕ ಕೂತು ಮಷೀನು ತುಳೀತಾಳೆ, ಅಷ್ಟೇ" ಎಂದು ಸಾಕ್ಷಿ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಲ್ಲಿಂದ ಹೊರಬರುವಾಗ ತಾವು ಮೊಣಕಾಲಿನ ಕೆಳಗಿನವರೆಗೂ ಬರುವ ಒಂದು ದೊಡ್ಡ ಬೂಟಿನಲ್ಲಿ ವಿರಾಜಮಾನರಾಗಿದ್ದಿರಿ, ಮತ್ತು ನನಗೆ ಅಂಗಡಿ ಬಂದ್ ಆಗಿತ್ತು.

ಮಾನ್ಯರೇ, ಇಲ್ಲಿಯವರೆಗಿನದನ್ನು ನಗುತ್ತಾ ಹೊಟ್ಟೆಗೆ ಹಾಕಿಕೊಂಡೆ. ಆದರೆ ನಾನು ಮಂಚದ ಮೇಲಿದ್ದಾಗ ಅಕ್ಕ ಮಷೀನಿಗೆ ಕರೆಂಟಿನ ಮೋಟಾರು ಕೂರಿಸಿದಳೆಂಬ ಸುದ್ದಿಯನ್ನು ಯಜಮಾನರು ತಂದ ದಿನ ನನಗೆ ಅನ್ನ ಸೇರಲಿಲ್ಲ. ಕಾಲರಿನ ಮೂಲೆಯಲ್ಲಿ ಒಂದೊಂದೇ ಹೊಲಿಗೆ ಹಾಕಿ ನಿಲ್ಲಿಸುವ ಹದ ನನ್ನ ಕಾಲಿನಲ್ಲಿದೆ, ಅದೊಂದರಿಂದಲೇ ಅಂಗಡಿಯಲ್ಲಿ ನಾನೂ ಒಬ್ಬಳು ಎಂದು ಇಷ್ಟು ವರ್ಷ ಬೀಗಿದವಳು ನಾನು. ಸುಮ್ಮನೆ ಒತ್ತಿದರೆ ಓಡುವ ಮಷೀನಿಗೆ ಯಾರಾದರೇನು? ನಾಳೆ ಬೇರೊಬ್ಬಳು ನನ್ನ ಸ್ಟೂಲಿನ ಮೇಲೆ ಕೂತಿರುತ್ತಾಳೆ, ನಾನು ಅವಳಿಗೆ ಗುಂಡಿ ಹಚ್ಚಿ ಕೊಡುತ್ತಿರುತ್ತೇನೆ. ಹೆದರಿದೆ, ಮಾನ್ಯರೇ, ನಿಜವಾಗಿ ಹೆದರಿದೆ. ಅಕ್ಕನ ಫೋನು ಬಂದಾಗಲೆಲ್ಲ ನಿದ್ದೆ ಬಂದವಳಂತೆ ನಟಿಸಿದೆ.

ಕೊನೆಗೆ ಒಂದು ಮಧ್ಯಾಹ್ನ ತಡೆಯಲಾರದೆ, ಬೂಟಿನ ಸಮೇತ, ಜಗಳಕ್ಕೆಂದೇ ಸೆರಗು ಬಿಗಿದವಳಂತೆ ಅಂಗಡಿಗೆ ಹೋದೆ. ಅಕ್ಕ ಮಷೀನಿನ ಮುಂದೆ ಬೆನ್ನು ಬಗ್ಗಿಸಿ ಕೂತಿದ್ದಳು, ತಿರುಗಿಯೂ ನೋಡಲಿಲ್ಲ. ಇಷ್ಟು ಬೇಗ ಇಷ್ಟು ಜಂಬವೇ ಎಂದು ಹತ್ತಿರ ಹೋದರೆ ಅವಳು ತಿರುಗಲಾರಳು: ಹುಡುಗನೊಬ್ಬನ ಷರಟಿನ ಜೇಬನ್ನು ತನ್ನ ಉಡುಪಿನ ತೋಳಿಗೇ ಸೇರಿಸಿ ನೀಟಾಗಿ ಹೊಲಿದುಕೊಂಡು, ಸೂಜಿ ಬಟ್ಟೆಯಲ್ಲೇ ಸಿಕ್ಕಿಕೊಂಡು, ಕತ್ತರಿ ಆಚೆ ಮೇಜಿನ ಮೇಲೆ ಉಳಿದು, ಯಾರಾದರೂ ಬರಲಿ ಎಂದು ಕಾಯುತ್ತಿದ್ದಳು. ನನಗೆ ನಗು ತಡೆಯಲಿಲ್ಲ. ಅವಳು ಮಾತ್ರ ಗಳಗಳನೆ ಅತ್ತಳು. ಪಕ್ಕದ ಕಪಾಟಿನಲ್ಲಿ ಅವಳು ಕತ್ತರಿಸಿಟ್ಟ ಷರಟುಗಳು ಸೂರಿನವರೆಗೆ ಪೇರಿಕೊಂಡಿದ್ದವು, ನಾನು ಬರಲೆಂದು ಒಂದನ್ನೂ ಹೊಲಿಯಲು ಎದುರು ಬೀದಿಯ ದರ್ಜಿಗೆ ಕೊಟ್ಟಿರಲಿಲ್ಲ. "ನಿನ್ನ ಕಾಲು ಉಳೀಲಿ ಅಂತ ತಂದೆ ಕಣೇ ಈ ದರಿದ್ರದ್ದನ್ನ, ನನಗೇನು ಇದರ ಮೇಲೆ ಪ್ರೀತಿನಾ" ಎಂದಳು. ನಾನು ಹೊಲಿಗೆ ಬಿಚ್ಚುತ್ತ ಕೂತೆ, ಜಗಳ ಎಲ್ಲಿಂದ ಶುರುಮಾಡಬೇಕೆಂದಿದ್ದೆನೋ ನೆನಪಾಗಲಿಲ್ಲ.

ಈಗ ಬೂಟು ಹೋಗಿದೆ, ಫಿಸಿಯೋಥೆರಪಿಯ ಹುಡುಗಿ ಬಂದಿದ್ದಾಳೆ. ಪಾದವನ್ನು ಕೆಳಗೆ ಒತ್ತಿ, ಮೇಲಕ್ಕೆ ಎತ್ತಿ, "ಪೆಡಲ್ ತುಳಿದ ಹಾಗೆ ಆಂಟೀ" ಎಂದು ಅವಳು ಕಲಿಸಿದಾಗ ನಾನು ಅವಳ ಮುಖವನ್ನೇ ನೋಡಿದೆ. ಮೊನ್ನೆ ಯಾವುದಕ್ಕೆ ಬೈಗುಳ ತಿಂದೆನೋ ಅದೇ ಇಂದು ಔಷಧಿಯಾಗಿದೆ, ಊತ ಇಳಿದ ಮೇಲೆ ಸ್ವಲ್ಪ ಸ್ವಲ್ಪವೇ ಮಾಡಬೇಕಂತೆ, ಅಷ್ಟೇ ವ್ಯತ್ಯಾಸ. ಕಾಲಿಗೆ ರಬ್ಬರ್ ಪಟ್ಟಿ ಕಟ್ಟಿಕೊಂಡು ಎಳೆಯುತ್ತೇನೆ, ಬಲಗಾಲೊಂದರ ಮೇಲೆ ನಿಂತು ಹಲ್ಲುಜ್ಜುತ್ತೇನೆ, ಹಿಂದೆ ಯಜಮಾನರು ಎರಡೂ ಕೈ ಚಾಚಿಕೊಂಡು ಬೀಳುವುದನ್ನೇ ಕಾಯುತ್ತಾರೆ. ಬಿದ್ದಿಲ್ಲವೆಂದರೆ ಅವರಿಗೆ ಒಳಗೊಳಗೇ ಬೇಸರ.

ಆದುದರಿಂದ ನನ್ನ ವಿನಮ್ರ ಕೋರಿಕೆ ಏನೆಂದರೆ, ತಾವು ಕೂಡಿಕೊಳ್ಳುವಾಗ ದಯವಿಟ್ಟು ಎರಡು ಸಾಲು ಹೊಲಿಗೆ ಹಾಕಿಕೊಳ್ಳಿ, ತುದಿಯಲ್ಲಿ ಗಂಟು ಹಾಕುವುದನ್ನು ಮರೆಯಬೇಡಿ, ಮುಂದೆ ನಾನು ದಪ್ಪಗಾದರೆ ಬಿಚ್ಚಿ ಸಡಿಲ ಮಾಡಲು ಒಳಗೆ ಒಂದಿಷ್ಟು ಅಂಚು ಮಡಚಿಡಿ. ಮತ್ತೆ ಹರಿಯಲೇಬೇಕೆಂಬ ಆಸೆಯಾದರೆ ಶಾಲೆಗಳಿಗೆ ರಜೆಯಿರುವಾಗ, ನಾನು ಮಲಗಿರುವ ಹೊತ್ತು ನೋಡಿ ಹರಿಯಿರಿ. ಇಷ್ಟನ್ನು ನಡೆಸಿಕೊಟ್ಟರೆ ತಮ್ಮನ್ನು ಪೆಡಲಿನ ಮೇಲೆ ಮತ್ತೆ ಬರಮಾಡಿಕೊಳ್ಳಲು ಅಕ್ಕನೂ ನಾನೂ ಸಿದ್ಧರಿದ್ದೇವೆ. ಕಪಾಟಿನಲ್ಲಿರುವ ಷರಟುಗಳ ಕಾಲರುಗಳೆಲ್ಲ ತಮ್ಮನ್ನೇ ಕಾಯುತ್ತಿವೆ.

ತಮ್ಮ ಮೇಲೆ ಭಾರ ಹಾಕದೆ ಗತಿಯಿಲ್ಲದ,
ತಮ್ಮ ವಿಶ್ವಾಸಿ,
ಅಂಗಡಿಯ ಕಿರಿಯ ಪಾಲುದಾರಳು

ವಿ.ಸೂ.: ತಾವು ಪೂರ್ತಿ ಗುಣವಾಗುವವರೆಗೆ ಮೋಟಾರಿನ ಪೆಡಲನ್ನು ಎಡಗಾಲಿನಿಂದ ಒತ್ತುತ್ತಿದ್ದೇನೆ. ನಿನ್ನೆ ಆ ಕಾಲು ಕಾಲರಿನ ಮೂಲೆಯಲ್ಲಿ ಒಂದೇ ಹೊಲಿಗೆ ಹಾಕಿ ನಿಲ್ಲಿಸಿತು, ಅಕ್ಕ ಬಾಯಿ ತುಂಬ ಹೊಗಳಿದಳು. ಅನ್ನ ಸೇರದೆ ಇರುವುದು ಎಂದರೇನೆಂದು ತಮಗೂ ಒಂದು ಸಲ ಗೊತ್ತಾಗಲಿ ಎಂದು ತಿಳಿಸಿದೆ, ಅಷ್ಟೇ.